ಹೇಳಿ ಹೇಳಿ ಕರೆಂಟ್ ತೆಗೆಯುವ ಅಮ್ಮಣ್ಣಿ

ಕರೆಂಟ್ ಇಲಾಖೆಯಲ್ಲಿ ಇಂಜಿನಿಯರಮ್ಮ ಅನ್ನಿಸಿಕೊಂಡೇ ನನ್ನ ಕೂದಲು ಹಣ್ಣಾಯಿತು. ಇಷ್ಟು ವರ್ಷದಲ್ಲಿ ತಂತಿಯಿಂದ ಶಾಕ್ ಹೊಡೆದದ್ದು ಒಂದೇ ಒಂದು ಸಲ. ಉಳಿದ ಶಾಕೆಲ್ಲ ಆಫೀಸಿನ ಕುರ್ಚಿಯಲ್ಲಿ ಕೂತಿದ್ದಾಗಲೇ ಹೊಡೆದವು. ಇನ್ನೇನು ನಿವೃತ್ತಿ ಹತ್ತಿರ ಬಂತು, ಎಲ್ಲ ನೋಡಿ ಮುಗೀತು ಅಂತ ನೆಮ್ಮದಿಯಾಗಿ ಕಾಫಿ ಕುಡೀತಿದ್ದೆ. ಆಗ ನಮ್ಮ ಇಲಾಖೆಗೆ ಎಐ ಬಂತು.

ಬುದ್ಧಿ ಬಂತು

ಕೊಳ್ಳೇಗಾಲದಲ್ಲಿ ಮೀಟಿಂಗ್. ದೊಡ್ಡ ಸಾಹೇಬರು ವಿವರಿಸಿದರು. ಕಂಬಕ್ಕೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಕ್ಯಾಮೆರಾ. ಯಾವ ಟ್ರಾನ್ಸ್‌ಫಾರ್ಮರ್ ಸುಡುತ್ತೆ, ಯಾವ ಲೈನ್ ಬೀಳುತ್ತೆ ಅನ್ನೋದನ್ನೆಲ್ಲ ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿ, ನಮಗೂ ಜನಕ್ಕೂ ತಾನೇ ಫೋನ್ ಮಾಡಿ ಹೇಳುತ್ತೆ. "ಇದಕ್ಕೆ ಕೃತಕ ಬುದ್ಧಿ ಅಂತಾರೆ" ಅಂದರು.

ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯ ಲೈನ್‌ಮನ್ ಕಿವಿಯಲ್ಲಿ ಪಿಸುಗುಟ್ಟಿದ, "ನಮ್ಗೂ ವಸಿ ಬುದ್ಧಿ ಅದಲ್ಲ ಮೇಡಂ. ಅದನ್ನ ಒಂದಿನಾನೂ ಯಾರೂ ಕೇಳ್ನಿಲ್ವಲ್ಲ."

ಕೊನೆಗೆ ಸಾಹೇಬರು ಒಂದು ಸಿಹಿ ಸುದ್ದಿಯನ್ನೂ ಕೊಟ್ಟರು. ಹನೂರು ಕಡೆಯ ಕಾಡಂಚಿನ ಊರುಗಳಲ್ಲಿ ಒಂದಕ್ಕೆ ಎರಡನೇ ಲೈನ್ ಎಳೆದುಕೊಡುತ್ತಾರೆ. ಒಂದು ಲೈನ್ ಬಿದ್ದರೆ ಇನ್ನೊಂದು ತಾನೇ ಶುರುವಾಗುತ್ತೆ. ಯಾವ ಊರಿಗೆ ಅನ್ನೋದನ್ನ ಸಾಹೇಬರೂ ಹೇಳೋ ಹಾಗಿಲ್ಲ, ಮಂತ್ರಿಗಳೂ ಹೇಳೋ ಹಾಗಿಲ್ಲ. ಮಿಷಿನ್ನೇ ಹೇಳಬೇಕು.

ನಾನು ಜೀಪು ಹತ್ತುವ ಮೊದಲೇ ಫೋನ್ ಬಂತು. ಕೌದಳ್ಳಿ ಆಚೆಯ ಒಂದು ಊರಿನ ನೀರುಗಂಟಿ. ಮೋಟರ್ ಹಾಕಿ ಟ್ಯಾಂಕ್ ತುಂಬಿಸಿ ಊರಿಗೆ ನೀರು ಬಿಡೋದು ಅವನ ಕೆಲಸ. ಅವರ ಊರಿನ ಲೈನು ಕಾಡಿನೊಳಗಿಂದ ಬರುತ್ತೆ. ಒಂದು ದಿನ ಕೊಂಬೆ ಬೀಳುತ್ತೆ, ಇನ್ನೊಂದು ದಿನ ಆನೆ ಕಂಬಕ್ಕೆ ಬೆನ್ನು ತುರಿಸಿಕೊಳ್ಳುತ್ತೆ. ಕರೆಂಟ್ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಕಾಡಂಚಿನ ಕೆರೆಗೆ ಹೋಗಬೇಕು. ಅದೇ ಕೆರೆಗೆ ಆನೆಯೂ ಬರುತ್ತೆ. ಊರಿನ ಬೈಗುಳವೆಲ್ಲ ನೀರುಗಂಟಿಗೆ.

"ಸಾ," ಅಂದ. ಅವನಿಗೆ ಆಫೀಸರ್ ಅಂದರೆ ಸಾ, ಗಂಡೋ ಹೆಣ್ಣೋ ಅನ್ನೋದು ಆಮೇಲಿನ ಮಾತು. "ಓದ್ ವಾರ ನನ್ನೆಂಡ್ತಿ ಕೆರೆ ತಾವು ಆನೆ ನೋಡ್ಬುಟ್ಟು ಕೊಡ ಬಿಸಾಕಿ ಓಡ್ಬಂದ್ಲು. ಬಂದೋಳು ನನ್ನ ಒಂದ್ಸಲ ನೋಡುದ್ಲು ನೋಡಿ. ಆ ನೋಟಕ್ಕಿಂತ ಆನೇನೆ ವಾಸಿ ಸಾ. ಎಂಗಾರಾ ಮಾಡಿ ಆ ಲೈನ್ ನಮ್ಗೇ ಕೊಡ್ಸಿ."

"ನನ್ನ ಕೈಲಿ ಏನೂ ಇಲ್ಲಪ್ಪಾ, ಮಿಷಿನ್ ಹೇಳಬೇಕು" ಅಂದೆ.

"ಆ ಮಿಷಿನ್ನು ಯಾವೂರ್ದು ಸಾ? ನಮ್ಮೋರು ಯಾರಾರಾ ಪರಿಚಯ ಇದ್ದಾರಾ?"

ಕಂಬಕ್ಕೆ ಬೆಂಕಿ

ಆಯುಧಪೂಜೆ ಬಂತು. ನಮ್ಮ ಲೈನ್‌ಮನ್‌ಗಳು ಏಣಿ, ಕಟಿಂಗ್ ಪ್ಲೇಯರ್, ಜೀಪು, ಎಲ್ಲಕ್ಕೂ ಪೂಜೆ ಮಾಡಿದರು. ಹೊಸದಾಗಿ ಬಂದಿರೋ ಪೆಟ್ಟಿಗೆಯನ್ನ ಬಿಟ್ಟರೆ ಅದಕ್ಕೆ ಬೇಜಾರಾಗಲ್ವಾ? ಆಫೀಸಿನ ಮುಂದಿನ ಕಂಬ ಹತ್ತಿ ಪೆಟ್ಟಿಗೆಗೆ ವಿಭೂತಿ ಬಳಿದರು. ಕುಂಕುಮ ಇಡೋಕೆ ಒಳ್ಳೆ ಜಾಗ ಹುಡುಕಿದರು. ನಡುಮಧ್ಯದಲ್ಲಿ ಹಣೆಯ ಹಾಗೆ ಗುಂಡಗೆ ಕಂಡದ್ದು ಕ್ಯಾಮೆರಾದ ಕಣ್ಣು. ಅದಕ್ಕೇ ಇಟ್ಟರು, ಕೈತುಂಬ.

ಮಿಷಿನ್ನಿಗೆ ಜಗತ್ತೆಲ್ಲ ಕೆಂಪಾಗಿ ಕಂಡಿತು. ನಾನು ಇನ್ನೂ ಕಡಲೆಪುರಿ ಬಾಯಿಗೆ ಹಾಕಿಕೊಂಡಿಲ್ಲ, ಫೋನ್ ಬಂತು. ಹೆಣ್ಣಿನ ಧ್ವನಿ, ಒಂದಿಷ್ಟೂ ಗಾಬರಿ ಇಲ್ಲದ ಪುಸ್ತಕದ ಕನ್ನಡ. "ನಮಸ್ಕಾರ. ತಮ್ಮ ಕಚೇರಿಗೆ ಬೆಂಕಿ ಬಿದ್ದಿದೆ. ಅಗ್ನಿಶಾಮಕ ದಳಕ್ಕೆ ತಿಳಿಸಲಾಗಿದೆ. ಶುಭದಿನ."

ನಾನು ಪುರಿ ಚೆಲ್ಲಿ ಆಚೆ ಓಡಿದೆ. ಬೆಂಕಿ ಇಲ್ಲ, ಹೊಗೆ ಇಲ್ಲ, ಊದುಬತ್ತಿ ಮಾತ್ರ ಉರೀತಿದೆ. ಅಷ್ಟರಲ್ಲಿ ಗಂಟೆ ಬಾರಿಸಿಕೊಂಡು ಬಂತು ನೋಡಿ ಬೆಂಕಿ ಆರಿಸೋ ಗಾಡಿ! ಎರಡೂ ಕಡೆ ಬಾಳೆಕಂದು, ಮುಂದೆ ಮಾವಿನ ತೋರಣ, ಚೆಂಡುಹೂವಿನ ಹಾರ. ಕೊಳ್ಳೇಗಾಲದ ಜನ ದೇವರ ಮೆರವಣಿಗೆ ಅಂತ ದಾರಿಯುದ್ದಕ್ಕೂ ಕೈ ಮುಗಿದಿದ್ದಾರೆ.

ಡ್ರೈವರ್ ಇಳಿದವನೇ ನನ್ನ ಮೇಲೆ ಹಾರಿಬಿದ್ದ. "ಏನಮ್ಮಾ ಇದು? ಪೂಜೆ ಮಾಡಿ ಇವತ್ತು ಗಾಡಿ ಅಳ್ಳಾಡಿಸಬಾರ್ದು ಅಂತ ನಿಲ್ಸಿದ್ವಿ!"

ನಾನು ಕ್ಷಮೆ ಕೇಳಿ ಪುರಿಪೊಟ್ಟಣ ಕೊಟ್ಟೆ. ಅವನು ಸುತ್ತ ನೋಡಿ, ಧ್ವನಿ ತಗ್ಗಿಸಿ, "ಬಂದದ್ದಂತೂ ಬಂದಾಯ್ತು. ಎಲ್ಲಾದ್ರೂ ವಸಿ ಬೆಂಕಿ ಅಚ್ಚಿ, ಆರ್ಸ್‌ಬುಟ್ಟು ಓಯ್ತೀವಿ. ಬರೀ ಕೈಲಿ ಓಗೋದು ಅಪಶಕುನ" ಅಂದ.

ಬೀದಿಗೆ ಬೀದಿಯೇ ಸತ್ತಿದೆ

ಕೊಳ್ಳೇಗಾಲದ ರೇಷ್ಮೆ ನೇಕಾರರ ಬೀದಿಯಲ್ಲಿ ನೂಲು ಸುತ್ತೋ ಮಿಷಿನ್‌ಗಳ ಸದ್ದು ಬೆಳಗಾದರೆ ಶುರು. ಒಂದು ದಿನ ಎಐ ಅಮ್ಮನಿಂದ ಫೋನ್. "ಬೀದಿಯ ಬಳಕೆ ಶೂನ್ಯಕ್ಕೆ ಇಳಿದಿದೆ. ಭಾರಿ ಅನಾಹುತದ ಸಂಭವ."

ತಂತಿ ಕಡಿದು ಬಿದ್ದಿದೆಯಾ? ಯಾರಿಗಾದರೂ ಏನಾದರೂ ಆಗಿದೆಯಾ? ಲೈನ್‌ಮನ್‌ಗಳನ್ನ ಕಟ್ಟಿಕೊಂಡು ಓಡಿದೆ. ಬೀದಿ ನಿಶ್ಶಬ್ದ. ಮೊದಲ ಮನೆಯ ಬಾಗಿಲು ಬಡಿದರೆ ಯಾರೂ ಓಗೊಡಲಿಲ್ಲ. ಕಿಟಕಿಯಲ್ಲಿ ಇಣುಕಿದರೆ ನಾಲ್ಕು ಜನ ನೆಲದ ಮೇಲೆ ಅಡ್ಡಾದಿಡ್ಡಿ ಬಿದ್ದಿದ್ದಾರೆ. ನಾನು "ಅಯ್ಯೋ ಶಿವನೇ!" ಅಂತ ಕಿರುಚಿದ್ದಕ್ಕೆ ನಾಲ್ವರೂ ಎದ್ದು ಕೂತರು.

"ಅಮಾಸೆ ಕಣಮ್ಮಾ," ಅಂದರು ಮನೆಯ ಹಿರಿಯರು, ಕಣ್ಣುಜ್ಜಿಕೊಳ್ಳುತ್ತ. "ಅಮಾಸೆ ದಿನ ನಾವು ಮಗ್ಗ ಮುಟ್ಟಲ್ಲ. ಕಡುಬು ತಿಂದು ಮಲಗಿದ್ವಿ. ಮಲಗೋಕೂ ಇಲಾಖೆ ಪರ್ಮಿಷನ್ ಬೇಕಾ?"

ಮಿಷಿನ್ ಮಾಡಿಕೊಟ್ಟ ಕಂಪನಿಯವರಿಗೆ ಹೇಳಿ ಅದಕ್ಕೆ ಅಮಾವಾಸ್ಯೆ ಕಲಿಸಿದ್ದಾಯಿತು. ಕಲಿತಿದ್ದೇ ತಪ್ಪಾಯಿತು. ಮುಂದಿನ ತಿಂಗಳು ಹಿಂದಿನ ದಿನವೇ ಬೀದಿಗೆಲ್ಲ ಫೋನ್ ಮಾಡಿ, "ನಾಳೆ ಅಮಾವಾಸ್ಯೆ" ಅಂದಿತು. ಆಮೇಲೆ ಆ ಹಿರಿಯರು ಆಫೀಸಿಗೇ ಬಂದರು. ಬೈಯೋಕೆ ಅಂದುಕೊಂಡೆ.

"ಆಯಮ್ಮ ಬೋ ಕರಾರುವಾಕ್ಕು," ಅಂದರು. "ಮೊಮ್ಮಗಳಿಗೆ ನಾಮಕರಣ ಮಾಡ್ಬೇಕು. ರಾಹುಕಾಲ ಬಿಟ್ಟು ಒಂದು ಟೈಮ್ ಕೇಳಿ ಹೇಳಿ."

ಅದೇ ಮಧ್ಯಾಹ್ನ ನೀರುಗಂಟಿಯ ಫೋನ್. "ಸಾ, ಮಿಷಿನ್ನು ನಮ್ಮೂರ್ ಎಸ್ರು ಏಳ್ತಾ?" ಇನ್ನೂ ಇಲ್ಲಪ್ಪಾ ಅಂದೆ. "ನಾಮಕರ್ಣಕ್ಕೆಲ್ಲ ಟೈಮ್ ಏಳ್ತದಂತೆ, ನಮ್ಗೊಂದು ಲೈನ್ ಏಳಕಾಗಲ್ವಾ?" ಸುದ್ದಿ ನನಗಿಂತ ಮೊದಲೇ ಕೌದಳ್ಳಿ ಮುಟ್ಟಿತ್ತು.

ಮದುವೆ ಮಾಡಿ

ಯಳಂದೂರಿನಲ್ಲಿ ಹಿಟ್ಟಿನ ಗಿರಣಿ ನಡೆಸೋ ಒಬ್ಬ ಹೆಂಗಸು. ಮೈಮೇಲೆಲ್ಲ ರಾಗಿ ಹಿಟ್ಟು, ಹಾಗೇ ಬಸ್ ಹತ್ತಿ ನಮ್ಮ ಆಫೀಸಿಗೆ ನುಗ್ಗಿದಳು.

"ಎಲ್ಲವ್ಳೆ ಅವ್ಳು? ಕರೀರಿ ಈಚ್ಗೆ!"

"ಯಾರಮ್ಮಾ?"

"ಅದೇ, ಫೋನ್ ಮಾಡಿ ಕರೆಂಟ್ ತೆಗಿಯೋ ಅಮ್ಮಣ್ಣಿ!"

ಅವಳು ಉಸಿರು ತೆಗೆದುಕೊಳ್ಳದೆ ಮುಂದುವರಿಸಿದಳು. "ಮೊದ್ಲೆಲ್ಲ ಕರೆಂಟು ಯೋಳ್ದೆ ಕೇಳ್ದೆ ಓಯ್ತಿತ್ತು. ನಮ್ ಅಣೇಬರ ಅಂತ ಸುಮ್ಕಿದ್ವಿ. ಈಗ ಇವ್ಳು ಫೋನ್ ಮಾಡಿ, 'ಇನ್ನರ್ಧ ಗಂಟೇಲಿ ಓಯ್ತದೆ' ಅಂತಾಳೆ. ಬ್ಯಾಡ ಕಣವ್ವ, ರಾಗಿ ಆಕಿವ್ನಿ ಅಂದೆ. 'ಧನ್ಯವಾದ' ಅಂದ್ಬುಟ್ಟು ತೆಗ್ದೇಬುಟ್ಲು! ಯೋಳಿ ಯೋಳಿ ತೆಗೀತಾಳಲ್ಲ, ಎಷ್ಟು ಕೊಬ್ಬಿರಬೇಕು!"

ಅವಳು ತೆಗೆಯೋದಲ್ಲ ತಾಯಿ, ಹೋಗುತ್ತೆ ಅಂತ ಮೊದಲೇ ತಿಳಿದುಕೊಂಡು ಹೇಳುತ್ತಾಳೆ ಅಷ್ಟೆ, ನಿಮ್ಮ ಒಳ್ಳೇದಕ್ಕೆ ಅಂತ ಗಂಟಲು ಹರಿಯೋ ಹಾಗೆ ವಿವರಿಸಿದೆ.

"ಅವ್ಳು ತೆಗೀದಿದ್ರೆ ಅವ್ಳಿಗೆಂಗೆ ಗೊತ್ತಾಯ್ತದೆ?"

ನಾನು ನೀರಿನ ಲೋಟ ಮುಂದಿಟ್ಟೆ. ಕೊನೆಗೆ ನೀರು ಕುಡಿದು ಸ್ವಲ್ಪ ತಣ್ಣಗಾದಳು. ಹೋಗುವಾಗ ಬಾಗಿಲಲ್ಲಿ ನಿಂತು, ತಾಯಿಯ ಹಾಗೆ ಹೇಳಿದಳು. "ಒಂದು ಗಂಡು ನೋಡಿ ಮದ್ವೆ ಮಾಡಿ ಮೇಡಂ ಅವ್ಳಿಗೆ. ಸಂಸಾರ ಅಂತ ಆದ್ರೆ ಕಂಡೋರ ಮನೆ ಕರೆಂಟಿನ ಸುದ್ದಿಗೆ ಬರಲ್ಲ."

ಅವತ್ತಿಂದ ಮಿಷಿನ್ನಿಗೆ ಮೂರು ತಾಲೂಕಿನಲ್ಲೂ ಅಮ್ಮಣ್ಣಿ ಅಂತಲೇ ಹೆಸರು.

ಮರ್ವಾದೆ

ಅಂತೂ ಎರಡನೇ ಲೈನ್ ಯಾರಿಗೆ ಅನ್ನೋದು ತೀರ್ಮಾನ ಆಗೋ ಕಾಲ ಬಂತು. "ಈ ವಾರವೆಲ್ಲ ಅಮ್ಮಣ್ಣಿ ನಿಮ್ಮೂರನ್ನ ನೋಡ್ತಾಳಪ್ಪಾ" ಅಂತ ನೀರುಗಂಟಿಗೆ ತಿಳಿಸಿದೆ. "ಆಯ್ತು ಸಾ, ಒಂದು ಮಾತು ಬರದಂಗೆ ನೋಡ್ಕತೀವಿ" ಅಂದ.

ವಾರ ಕಳೆಯಿತು. ಸಾಹೇಬರು ಕರೆದು ಕಂಪ್ಯೂಟರ್ ತೋರಿಸಿದರು. ನೀರುಗಂಟಿಯ ಊರಿನ ಮುಂದೆ ಬರೆದಿತ್ತು: "ಇಲ್ಲಿ ಜನವಸತಿ ಇಲ್ಲ. ಈಗಿರುವ ಲೈನನ್ನೂ ತೆಗೆದು ಬೇರೆ ಕಡೆ ಬಳಸಬಹುದು."

ಎರಡನೇದು ಕೇಳಿದವರಿಗೆ ಒಂದನೇದೂ ಹೋಯಿತೇ! "ಸಾರ್, ಅಲ್ಲಿ ಜನ ಇದ್ದಾರೆ! ದಿನಾ ನನ್ನ ತಲೆ ತಿಂತಾರೆ!" ಅಂದೆ. "ಮಿಷಿನ್ ಇಲ್ಲ ಅಂತಿದೆಯಲ್ಲಮ್ಮಾ. ನಾಡಿದ್ದು ಮಂಜೂರಿ" ಅಂದರು ಸಾಹೇಬರು.

ಜೀಪು ಹತ್ತಿ ಹನೂರು, ಕೌದಳ್ಳಿ ದಾಟಿ ಊರು ಮುಟ್ಟುವಾಗ ಮುಸ್ಸಂಜೆ. ಒಂದು ಬಲ್ಬ್ ಇಲ್ಲ. ಜಗಲಿಗಳ ಮೇಲೆ ಎಣ್ಣೆ ದೀಪ. ಜನ ಉಸಿರು ಬಿಗಿಹಿಡಿದು, ಸ್ಕೂಲಿಗೆ ಇನ್ಸ್‌ಪೆಕ್ಟರ್ ಬಂದಾಗ ಮಕ್ಕಳು ಕೂತ ಹಾಗೆ ಕೂತಿದ್ದಾರೆ. ನೀರುಗಂಟಿ ಇಸ್ತ್ರಿ ಅಂಗಿ ಹಾಕಿಕೊಂಡು ಎದುರು ಬಂದ.

"ಒಂದು ವಾರದಿಂದ ಒಬ್ರೂ ಸ್ವಿಚ್ ಮುಟ್ಟಿಲ್ಲ ಸಾ," ಅಂದ, ಎದೆಯುಬ್ಬಿಸಿ. "ಅಮ್ಮಣ್ಣಿ ನೋಡಕ್ ಬಂದವ್ಳೆ, ಲೈನಿಗೆ ವಸಿನೂ ತ್ರಾಸು ಕೊಡ್ಬಾರ್ದು ಅಂತ. ಮರ್ವಾದೆ ಬ್ಯಾಡ್ವಾ? ಮೋಟ್ರೂ ಆಕಿಲ್ಲ. ನೀರ್ನ ಎಂಗುಸ್ರೇ ಕೆರೆಯಿಂದ ವೊತ್ತವ್ರೆ."

ಒಂದು ವಾರ, ಆನೆ ಬರೋ ಕೆರೆಯಿಂದ! ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೋಪ ಮಾತ್ರ ಚೆನ್ನಾಗಿ ಬಂತು. "ಕರೆಂಟ್ ಬಳಸಿಲ್ಲ ಅಂದ್ರೆ ಊರೇ ಇಲ್ಲ ಅಂತ ಬರ್ಕೊಂಡಿದ್ದಾಳೆ ಕಣಯ್ಯಾ ನಿಮ್ಮ ಅಮ್ಮಣ್ಣಿ! ಹಾಕ್ರೋ ಸ್ವಿಚ್! ಇರೋದೆಲ್ಲ ಹಾಕಿ!"

ಹಾಕಿದರು. ಮಿಕ್ಸಿ, ಗ್ರೈಂಡರ್, ಟೀವಿ, ಗದ್ದೆಯ ಪಂಪುಗಳು, ಗುಡಿಯ ಮೈಕು. ನೀರುಗಂಟಿಯ ಹೆಂಡತಿ ಖಾಲಿ ಮಿಕ್ಸಿಯನ್ನೇ ತಿರುಗಿಸುತ್ತ, "ಕೇಳಿಸ್ತೇನವ್ವಾ? ಇದ್ದೀವಿ ಕಣವ್ವಾ!" ಅಂತ ಕಂಬದ ಕಡೆ ಕೂಗಿದಳು. ಟ್ರಾನ್ಸ್‌ಫಾರ್ಮರ್ ಒಂದು ಸಲ ಗುಂಯ್ಗುಟ್ಟಿತು, ಆಮೇಲೆ ಢಮಾರ್! ಊರೆಲ್ಲ ಕತ್ತಲೆ.

ಆ ಕತ್ತಲೆಯಲ್ಲಿ ನನ್ನ ಫೋನ್ ಬಡಿದುಕೊಂಡಿತು. ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. "ನಮಸ್ಕಾರ. ಸದರಿ ಗ್ರಾಮದಲ್ಲಿ ಜನರಿದ್ದಾರೆ. ಬಹಳ ಜನರಿದ್ದಾರೆ. ಒಂದು ಲೈನ್ ಸಾಲದು. ಎರಡನೇ ಲೈನ್ ತುರ್ತಾಗಿ ಅಗತ್ಯ. ಶುಭರಾತ್ರಿ."

ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದಕ್ಕೆ ಜನ ಶಿಳ್ಳೆ ಹೊಡೆದು ಕುಣಿದದ್ದನ್ನ ನನ್ನ ಸರ್ವೀಸಿನಲ್ಲಿ ಅದೇ ಮೊದಲು ನೋಡಿದ್ದು.

ಎರಡನೇ ಲೈನು

ಎರಡನೇ ಲೈನ್ ಬಂತು. ಊರ ಬಾಗಿಲಲ್ಲಿ ಹಸಿರು ಬಣ್ಣದ ಹೊಸ ಪೆಟ್ಟಿಗೆ. ಹಳೇ ಲೈನ್ ಬಿದ್ದ ಕೂಡಲೇ ಅಮ್ಮಣ್ಣಿ ತಾನೇ ಹೊಸದಕ್ಕೆ ಬದಲಾಯಿಸುತ್ತಾಳೆ. ಇನ್ನು ನೀರುಗಂಟಿಯ ಫೋನ್ ಬರಲ್ಲ ಅಂತ ಹಾಯಾಗಿದ್ದೆ.

ಮಳೆಗಾಲದ ಮೊದಲ ಗಾಳಿಗೆ ಕಾಡಿನಲ್ಲಿ ಮರ ಬಿತ್ತು. ಫೋನ್ ಬಂತು.

"ಸಾ, ಕರೆಂಟು ಓಗ್ಬುಡ್ತು. ಟ್ಯಾಂಕಲ್ಲಿ ತೊಟ್ಟು ನೀರಿಲ್ಲ. ಎಂಗುಸ್ರು ಕೊಡ ಎತ್ಕಂಡು ಕೆರೆ ಕಡೀಕ್ ವೊಂಟವ್ರೆ."

ಇಷ್ಟು ಒದ್ದಾಡಿ ತಂದ ಲೈನು ಮೊದಲ ದಿನವೇ ಕೈಕೊಟ್ಟಿತೇ? ಹೆಂಗಸರನ್ನ ತಡೆ ಅಂತ ಕಿರುಚಿ, ಸಾಹೇಬರನ್ನ ಬೈದು, ಕಂಪನಿಯವರನ್ನ ಬೈದು, ಜೀಪಿನ ಡ್ರೈವರನ್ನೂ ಬೈಯುತ್ತ ಊರು ಮುಟ್ಟಿದೆ. ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಪೆಟ್ಟಿಗೆ ಹತ್ತಿರ ನಿಂತಿದ್ದಾರೆ. ಪೆಟ್ಟಿಗೆಗೆ ಪ್ಲಾಸ್ಟಿಕ್ ಹೊದಿಸಿದೆ. ಪ್ಲಾಸ್ಟಿಕ್ ಮೇಲೆ ಗೋಣಿಚೀಲ, ಚೀಲದ ಮೇಲೆ ಹಗ್ಗ. ಬಿಚ್ಚಿಸಿ ನೋಡಿದರೆ ಸ್ವಿಚ್ಚನ್ನ ಆಫ್‌ಗೆ ತಿರುಗಿಸಿ, ಮಾವಿನಕಾಯಿ ಗಾತ್ರದ ಬೀಗ ಜಡಿದಿದೆ.

"ಯಾರಯ್ಯಾ ಇದಕ್ಕೆ ಬೀಗ ಹಾಕಿದ್ದು?"

"ನಾನೇ ಸಾ. ವೊಸಾದಲ್ವಾ? ದಿನಾ ಬಳಸುದ್ರೆ ಸವ್ದೋಗಲ್ವಾ? ಅಳೇದ್ರಲ್ಲೇ ಎಂಗೋ ಕಾಲ ಆಕಣಾ, ಇದನ್ನ ನೆಂಟ್ರು ಬಂದಾಗ ತೆಗ್ಯಣಾ ಅಂತ ಎತ್ತಿಟ್ಟಿವ್ನಿ."

ನಾನು ಬೀಗವನ್ನ ಒಂದ್ಸಲ ಎಳೆದು ನೋಡಿದೆ.

"ಅಮ್ಮಣ್ಣೀನೂ ದಿನಾ ಫೋನ್ ಮಾಡ್ತಾಳೆ ಸಾ, ಯಾಕೆ ಆಫ್ ಮಾಡಿದ್ರಿ, ಆನ್ ಮಾಡಿ ಅಂತ. ಒಳ್ಳೆ ಎಣ್ಮಗ್ಳೇ. ವಸಿ ದುಂದು ಜಾಸ್ತಿ."

ಅವನ ಹೆಂಡತಿ ಕೊಡ ಕೆಳಗಿಟ್ಟು ಅವನನ್ನೊಮ್ಮೆ ನೋಡಿದಳು. ಆನೆಯೇ ವಾಸಿ ಅಂದದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು. ಅವನು ತೆಪ್ಪಗೆ ಉಡಿದಾರದಿಂದ ಬೀಗದಕೈ ಬಿಚ್ಚಿಕೊಂಡ. ಬೀಗ ತೆಗೆಯುತ್ತ ಏನೋ ಹೊಳೆದವನ ಹಾಗೆ ನನ್ನ ಕಡೆ ತಿರುಗಿ ನಕ್ಕ.

"ಅದ್ಸರಿ ಬುಡಿ. ಈಗ ನೀವು ಬಂದ್ರಲ್ಲ ಸಾ, ನೆಂಟ್ರೇ ಅಲ್ವಾ? ಆಕಣ."

ಸ್ವಿಚ್ ತಿರುಗಿಸಿದ. ಮೋಟರ್ ಗುಂಯ್ ಅಂತು, ಟ್ಯಾಂಕಿಗೆ ನೀರು ಬೀಳೋ ಸದ್ದು ಕೇಳಿಸಿತು. ಹೆಂಗಸರು ಕೊಡ ಹಿಡಿದು ನಲ್ಲಿ ಕಡೆ ಓಡಿದರು. ಮೊದಲ ಲೋಟ ನೀರನ್ನ ಅವನ ಹೆಂಡತಿ ನನಗೇ ತಂದುಕೊಟ್ಟಳು. ಕುಡಿದು ಜೀಪು ಹತ್ತಿದೆ. ಹಿಂದಿನಿಂದ ನೀರುಗಂಟಿ ಕೂಗಿದ.

"ಸಾ, ನೀವು ಕೌದಳ್ಳಿ ದಾಟುದ್ ಮೇಲೆ ಆಫ್ ಮಾಡ್ಲಾ?"