ಅರ್ಧ ತಲೆಯ ಬಾಕಿ

ಕೊಯ್ಲು ಮುಗಿದು ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ಕಣದಲ್ಲಿ ಕಾಳು ತೂರುವವರ ಮೊರದಿಂದ ಎದ್ದ ಹೊಟ್ಟು ಬೆಳಗಿನ ಬಿಸಿಲಿನಲ್ಲಿ ತೇಲಿಬಂದು ಬೀದಿಯ ಹೊಸ್ತಿಲುಗಳ ಮೇಲೆ ಕೂರುತ್ತಿತ್ತು. ತಲೆ ಕೆರೆದುಕೊಳ್ಳಲೂ ಪುರಸೊತ್ತಿಲ್ಲದ ದಿನಗಳಲ್ಲಿ ಬೆಳೆದ ಕೂದಲನ್ನು ಹೊತ್ತುಕೊಂಡು ಗಂಡಸರೆಲ್ಲ ಕತ್ತರಿಯಣ್ಣನ ಅಂಗಡಿಗೆ ಬರುವ ಕಾಲ ಅದು. ಊರಿನ ಸುಗ್ಗಿ ಮುಗಿದ ಮೇಲೆ ಅವನ ಸುಗ್ಗಿ.

ಈ ಸಲ ಮಾತ್ರ ಅಂಗಡಿಯ ಎತ್ತರದ ಕುರ್ಚಿ ಖಾಲಿಯಿತ್ತು. ಬಂಡಿಯವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಕತ್ತರಿಯಣ್ಣ ಅವನ ಬೆನ್ನ ಹಿಂದೆ ಸೊಂಟ ಬಗ್ಗಿಸಿ ಕತ್ತರಿ ಆಡಿಸುತ್ತಿದ್ದ.

"ಅಣ್ಣ, ಕೂದಲು ತೆಗೀತಾ ಇದ್ದೀಯೋ, ಕಳೆ ಕೀಳ್ತಾ ಇದ್ದೀಯೋ?"

"ಎರಡಕ್ಕೂ ಬಗ್ಗಲೇಬೇಕಲ್ಲಪ್ಪ. ಅಲ್ಲಾಡಬೇಡ, ಕಿವಿ ಹೋದರೆ ನನ್ನ ಹತ್ತಿರ ಬೇರೆ ಕಿವಿ ಇಲ್ಲ."

ಇಷ್ಟಕ್ಕೆಲ್ಲ ಕಾರಣ ಒಂದು ತಗಡು. ಕೊಯ್ಲು ಶುರುವಾಗುವ ಮುಂಚೆ ಒಂದು ದಿನ ಹಿಟ್ಟಿನ ಗಿರಣಿಯ ಯಜಮಾನರು ಆ ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ತಲೆಯ ಎಡಗಡೆ ಮುಗಿಸಿ ಕತ್ತರಿಯಣ್ಣ ಬಲಗಡೆಗೆ ಬಂದಿದ್ದಷ್ಟೇ, ಎಲ್ಲಿಂದಲೋ ಗಾಳಿ ನುಗ್ಗಿ ಚಾವಣಿಯ ತಗಡು ಪಟಪಟ ಬಡಿಯತೊಡಗಿತು. "ಒಂದು ಗಳಿಗೆ ಯಜಮಾನ್ರೇ" ಎಂದು ಅವನು ಸ್ಟೂಲು ಹತ್ತಿದ. ತಗಡು ಕೆಳಗೆ ಬರಲಿಲ್ಲ, ಅವನು ಬಂದ. ಮೂಳೆ ಮುರಿಯಲಿಲ್ಲ, ಬಲಭುಜದ ಸ್ನಾಯು ಜಗ್ಗಿತ್ತು ಅಷ್ಟೇ. "ಅಲ್ಲಾಡಿಸಬೇಡ, ಕಟ್ಟಿ ಹಾಕು" ಎಂದು ಬೀದಿಗೆ ಬೀದಿಯೇ ಹೇಳಿತು. ಪಕ್ಕದ ಅಂಗಡಿಯ ದರ್ಜಿ ಪರದೆಯ ಬಟ್ಟೆಯಲ್ಲಿ ಎಷ್ಟು ಚೆಂದದ ಜೋಳಿಗೆ ಹೊಲಿದುಕೊಟ್ಟನೆಂದರೆ, ಒಳಗೆ ಹೋದ ಕೈಗೆ ಹೊರಗೆ ಬರುವ ಮನಸ್ಸೇ ಆಗಲಿಲ್ಲ. ನೋವು ಇಳಿಯಿತು, ಕೈ ಮಾತ್ರ ಕಟ್ಟಿದಲ್ಲೇ ನಿಂತಿತು. ಎದೆಯ ಮಟ್ಟದವರೆಗೆ ಏಳುತ್ತಿತ್ತು. ಅದರಾಚೆಗೆ ನೀರು ಕಂಡ ಕತ್ತೆಯಂತೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ.

ಬೇರೆಯವರೇನೋ ನೆಲದ ಮೇಲೆ ಕೂತು ತಲೆ ಕೊಡುತ್ತಿದ್ದರು. ಯಜಮಾನರ ಮಂಡಿ ನೆಲಕ್ಕಾಗಲಿ ಗಿಡ್ಡ ಸ್ಟೂಲಿಗಾಗಲಿ ಕೂರುವಷ್ಟು ಮಡಚುವುದಿಲ್ಲ. ಕುರ್ಚಿಯಲ್ಲಿ ಕೂತರೆ ಅವರ ತಲೆ ಕತ್ತರಿಯಣ್ಣನ ಮೂಗಿನ ಮಟ್ಟಕ್ಕೆ ಬರುತ್ತಿತ್ತು. ಹೀಗಾಗಿ ಅವರ ಬಲಗಡೆಯ ಅರ್ಧ ತಲೆ ಬಾಕಿ ಉಳಿದು, ಕೊಯ್ಲಿನುದ್ದಕ್ಕೂ ಅವರು ತಲೆಗೆ ಟವೆಲ್ಲು ಸುತ್ತಿಕೊಂಡೇ ಓಡಾಡಿದರು. ಬೇರೆ ಅಂಗಡಿಗೆ ಹೋಗಿ ಎಂದವರಿಗೆ, "ಅರ್ಧ ಉತ್ತ ಹೊಲಕ್ಕೆ ಇನ್ನೊಬ್ಬನ ನೇಗಿಲು ಇಳಿಸಬಾರದಯ್ಯಾ" ಎನ್ನುತ್ತಿದ್ದರು.

ಅಂಥವರೂ ಇವತ್ತು ಬೆಳಿಗ್ಗೆ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

"ನಾಳೆ ಬೀಗರು ಬರ್ತಾರೆ ಕಣಯ್ಯಾ, ಮೊಮ್ಮಗನ್ನ ನೋಡೋಕೆ. ಮನೆಯೊಳಗೂ ಟವೆಲ್ಲು ಬಿಗಿದು ಕೂತರೆ ತಲೇಲಿ ಏನೋ ಆಗಿದೆ ಅಂದ್ಕೋತಾರೆ. ಸಂಜೆಯೊಳಗೆ ನಿನ್ನ ಕೈ ಎದ್ದರೆ ಸರಿ. ಇಲ್ಲಾಂದ್ರೆ ಬಸ್ ಸ್ಟ್ಯಾಂಡಿನ ಹೊಸ ಅಂಗಡಿಗೆ ಹೋಗ್ತೀನಿ. ಬೇಜಾರು ಮಾಡ್ಕೋಬೇಡ."

ಕತ್ತರಿಯಣ್ಣ ತಲೆ ಆಡಿಸಿದ. ಯಜಮಾನರು ಹೋದ ದಾರಿಯಲ್ಲಿ ಊರೂ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ನೆಲದ ಮೇಲೆ ಕೂತು ತಲೆ ಕೊಡುವವರ ಮೋರೆಯೂ ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು.

ಉಳಿದ ಭರವಸೆ ಡಾಕ್ಟ್ರಮ್ಮ ಒಬ್ಬರೇ. ಮಾತ್ರೆ ಕೊಡುವ ಡಾಕ್ಟ್ರಮ್ಮನಲ್ಲ, ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಯವರು. ವಾರಕ್ಕೊಮ್ಮೆ ಊರಿನ ಸಣ್ಣ ಆಸ್ಪತ್ರೆಗೆ ಬರುತ್ತಿದ್ದರು. ಮೊದಲ ದಿನವೇ ದರ್ಜಿಯ ಜೋಳಿಗೆಯನ್ನು ಮಡಿಸಿ ಅವನ ಜೇಬಿಗೆ ಹಾಕಿ, "ಅಣ್ಣ, ಗಾಯ ಯಾವಾಗಲೋ ವಾಸಿಯಾಗಿದೆ. ಕಟ್ಟಿಟ್ಟಿದ್ರಿಂದ ಕೀಲು ಬಿಗಿದುಕೊಂಡಿದೆ. ಬಿಸಿಲಲ್ಲಿ ಬಿಟ್ಟ ತೊಗಲು ಮುದುಡಿಕೊಳ್ಳಲ್ವಾ, ಹಾಗೆ. ಜಗ್ಗಿ ಹರೀಬಾರದು, ದಿನಾ ಚೂರು ಚೂರು ಬಿಡಿಸ್ಕೋಬೇಕು" ಎಂದಿದ್ದರು. ಮುಂದಕ್ಕೆ ಬಗ್ಗಿ ಕೈಯನ್ನು ಬಾವಿಯ ಬಿಂದಿಗೆಯಂತೆ ಇಳಿಬಿಟ್ಟು ತೂಗುವುದು, ಬೆರಳುಗಳನ್ನು ಇರುವೆ ಹತ್ತಿದಂತೆ ಗೋಡೆಯ ಮೇಲೆ ನಡೆಸುವುದು, ಬಾಗಿಲ ಮೇಲೆ ರಾಟೆ ಕಟ್ಟಿ ಹಗ್ಗ ಹಾಯಿಸಿ ಒಳ್ಳೆಯ ಕೈಯಿಂದ ಎಳೆದು ಬಿಗಿದ ಕೈಯನ್ನು ಮೇಲೆತ್ತುವುದು. ಗೋಡೆಯ ಮೇಲೆ ಇಂಥ ಎತ್ತರಕ್ಕೆ ಗೆರೆ ಹಾಕಿ, ಬೆರಳು ಆ ಗೆರೆ ಮುಟ್ಟಿದ ದಿನ ಕುರ್ಚಿಯವರಿಗೂ ಕತ್ತರಿ ಹಿಡಿಯಬಹುದು ಎಂದಿದ್ದರು.

ಹಳೆಯ ಬಾವಿಯ ರಾಟೆ ಬಾಗಿಲ ಮೇಲೆ ಏರಿತು. ದರ್ಜಿ ಟೇಪು ಹಿಡಿದು ಗೆರೆ ಎಳೆದ. ಎಲ್ಲ ಒದಗಿತು, ಕತ್ತರಿಯಣ್ಣನಿಗೆ ವ್ಯಾಯಾಮ ಮಾಡುವ ಪಾಳಿಯೊಂದು ಬಿಟ್ಟು.

ಇವತ್ತು ಡಾಕ್ಟ್ರಮ್ಮ ಬರುವ ದಿನ. ಬಂಡಿಯವನ ತಲೆ ಮುಗಿಸಿ, ಬಾಗಿಲು ಅರ್ಧ ಮುಚ್ಚಿ, ಅವನು ಹಗ್ಗಕ್ಕೆ ಕೈ ಹಾಕಿದ. ಅಂಗಡಿಯ ಹಿಂದೆಯೇ ಮನೆ. ಒಳಗಿಂದ ಅತ್ತೆ ಬಂದರು.

"ಅಳಿಯಂದಿರೇ, ಹಾಗಲ್ಲ ಅದು. ಜಗ್ಗಬಾರದು, ತೂಗಬೇಕು ಅಂದಿದ್ದಾರೆ. ಕೊಡಿ ಇಲ್ಲಿ, ತೋರಿಸ್ತೀನಿ."

ದಿನದಂತೆ ಅತ್ತೆ ತೋರಿಸತೊಡಗಿದರು. ಅವರ ತೋರಿಸುವಿಕೆ ಮುಗಿಯುವ ಮೊದಲೇ ದರ್ಜಿ ಒಳಗೆ ಬಂದು, "ಅಜ್ಜಿ, ಮೊಣಕೈ ನೆಟ್ಟಗಿರಬೇಕು, ಬಿಡಿ, ನಾನು ತೋರಿಸ್ತೀನಿ" ಎಂದ. ಗೋಡೆ ಖಾಲಿಯಿದೆಯಲ್ಲ ಎಂದು ಕತ್ತರಿಯಣ್ಣ ಅತ್ತ ತಿರುಗಿದರೆ ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು. "ರೀ, ಭುಜ ಕುಣಿಸ್ತೀರಲ್ಲ. ಬೆರಳು ಮಾತ್ರ ನಡೀಬೇಕು. ನೋಡಿ ಹೀಗೆ." ಅವಳ ಬೆರಳು ಗೋಡೆಯ ಮೇಲೆ ಸರಸರ ನಡೆದು ಗೆರೆ ದಾಟಿ ಚಾವಣಿಯ ಕಡೆಗೆ ಹೊರಟಿತು.

ಬೇಡ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಬಿದ್ದ ದಿನ ಅವನನ್ನು ಎತ್ತಿಕೊಂಡು ಓಡಿದವನು ದರ್ಜಿ. ಎಡಗೈಯಲ್ಲಿ ತುತ್ತು ಎತ್ತಲಾರದೆ ಅನ್ನ ಚೆಲ್ಲಿಕೊಂಡಾಗ ಕಲಸಿ ತಿನ್ನಿಸಿದವರು ಅತ್ತೆ. ಅಂಥವರ ಕೈಯಿಂದ ಹಗ್ಗ ಕಿತ್ತುಕೊಳ್ಳುವುದು ಹೇಗೆ? ಅವನು ಮೆಲ್ಲಗೆ ಹಿಂಬಾಗಿಲಿನಿಂದ ಹೊರಬಿದ್ದ.

ಊರಾಚೆಯ ಹುಲ್ಲಿನ ಬಣವೆಯ ಹಿಂದೆ ಯಾರೂ ಇರಲಿಲ್ಲ. ಮುಂದಕ್ಕೆ ಬಗ್ಗಿ, ಎಡಗೈಯನ್ನು ಮಂಡಿಗೆ ಊರಿ, ಬಲಗೈ ಇಳಿಬಿಟ್ಟು ತೂಗಿದ. ಭುಜದ ಒಳಗೆ ಎಲ್ಲೋ ತುಕ್ಕು ಹಿಡಿದ ಕೀಲಿಗೆ ಎಣ್ಣೆ ಬಿಟ್ಟ ಹಾಗೆ ಹಿತವಾಯಿತು.

"ಏನಣ್ಣ ಕಳ್ಕೊಂಡೆ?"

ಖಾಲಿ ಬಂಡಿ ಹೊಡೆದುಕೊಂಡು ಬಂದ ಬಂಡಿಯವನು. ಬೆಳಿಗ್ಗೆ ತಾನೇ ಕಳೆ ಕೀಳ್ತೀಯಾ ಎಂದು ನಕ್ಕವನಿಗೆ ಬಿಂದಿಗೆ ವ್ಯಾಯಾಮ ಎಂದು ಹೇಳಲು ನಾಚಿಕೆಯಾಗಿ ಕತ್ತರಿಯಣ್ಣ, "ಏನಿಲ್ಲಪ್ಪ" ಎಂದ.

"ಏನಿಲ್ಲದಕ್ಕೆ ಯಾರಾದರೂ ಇಷ್ಟು ಹುಡುಕ್ತಾರಾ? ಉಂಗುರಾನಾ?" ಅವನೂ ಇಳಿದು ಬಗ್ಗಿದ. ಕಣದಿಂದ ಇಬ್ಬರು ಬಂದು ಬಗ್ಗಿದರು. ಹುಡುಕುತ್ತ ಬಂದ ದರ್ಜಿ ಬಗ್ಗಿದ. ಅತ್ತೆಯೂ ಬಂದು, "ಅಯ್ಯೋ, ಮದುವೆ ಉಂಗುರ" ಎನ್ನುತ್ತ ಬಗ್ಗಿದರು. ಬಣವೆಯ ಸುತ್ತ ಎಲ್ಲರ ಕೈಗಳೂ ಇಳಿಬಿದ್ದು ಬಿಂದಿಗೆಗಳಂತೆ ತೂಗಾಡಿದವು. ನೆಟ್ಟಗೆ ನಿಂತವನು ಕತ್ತರಿಯಣ್ಣ ಒಬ್ಬನೇ.

ಉಂಗುರ ಅವನ ಬೆರಳಲ್ಲೇ ಇತ್ತು. ಆದರೆ ಬಂಡಿಯವನಿಗೆ ಹೋದ ವರ್ಷ ಬಿದ್ದುಹೋಗಿದ್ದ ಚಕ್ರದ ಕಡಾಣಿ ಸಿಕ್ಕಿತು. ಅವನು ಅದನ್ನು ಕಣ್ಣಿಗೊತ್ತಿಕೊಂಡು, "ಅಣ್ಣ, ನಿನ್ನಿಂದ ಉಪಕಾರ ಆಯ್ತು. ಹತ್ತಿ, ಎಲ್ಲರನ್ನೂ ಆಸ್ಪತ್ರೆಗೆ ನಾನೇ ಬಿಡ್ತೀನಿ" ಎಂದ.

ಹೀಗೆ ಒಂದು ಭುಜವನ್ನು ತೋರಿಸಲು ಒಂದು ಬಂಡಿ ಜನ ಹೊರಟರು. ದಾರಿಯಲ್ಲಿ ಹೆಂಡತಿ ಹತ್ತಿದಳು. ಗಿರಣಿಯ ಯಜಮಾನರೂ ತೀರ್ಪು ಕೇಳಲು ಟವೆಲ್ಲು ಸರಿಮಾಡಿಕೊಂಡು ಹತ್ತಿದರು.

ಡಾಕ್ಟ್ರಮ್ಮ ಗುಂಪನ್ನು ನೋಡಿ, "ಇಷ್ಟು ಜನಕ್ಕೂ ಒಂದೇ ಭುಜವಾ?" ಎಂದರು. ಕತ್ತರಿಯಣ್ಣನನ್ನು ಗೋಡೆಯ ಮುಂದೆ ನಿಲ್ಲಿಸಿ ಬೆರಳು ನಡೆಸಲು ಹೇಳಿದರು. ಬೆರಳುಗಳು ಹೊರಟವು, ಹತ್ತಿದವು, ಹೋದ ವಾರ ನಿಂತಿದ್ದ ಜಾಗದಲ್ಲೇ ನಿಂತವು.

"ಅಣ್ಣ, ವ್ಯಾಯಾಮ ಮಾಡಿದ್ರಾ?"

"ಒಂದು ದಿನವೂ ತಪ್ಪಿಸಿಲ್ಲ ತಾಯಿ" ಎಂದರು ಅತ್ತೆ.

"ಹೊತ್ತಿಗೆ ಸರಿಯಾಗಿ" ಎಂದ ದರ್ಜಿ.

"ಗೋಡೇದು ನಾನೇ ಮಾಡ್ತೀನಿ" ಎಂದಳು ಹೆಂಡತಿ.

ಡಾಕ್ಟ್ರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. "ನೀವು ಮಾಡ್ತೀರಾ? ಎಲ್ಲಿ ಅಜ್ಜಿ, ಕೈ ಎತ್ತಿ ನೋಡೋಣ."

ಅತ್ತೆಯ ಕೈ ಭುಜ ದಾಟಿ, ಕಿವಿ ದಾಟಿ, ನೆತ್ತಿಯ ಮೇಲೆ ಹೋಗಿ ನಿಂತಿತು. ಅವರು ತಮ್ಮ ಕೈಯನ್ನು ತಾವೇ ಯಾರದೋ ಎಂಬಂತೆ ನೋಡಿದರು. ಆಮೇಲೆ ಮೆಲ್ಲಗೆ ಎರಡೂ ಕೈ ಹಿಂದಕ್ಕೆ ಒಯ್ದು ಬಣವೆಯ ಹತ್ತಿರ ಬಗ್ಗಿದಾಗ ಬಿಚ್ಚಿಹೋಗಿದ್ದ ಕೂದಲನ್ನು ಸುತ್ತಿ ತುರುಬು ಕಟ್ಟಿಕೊಂಡರು. ವರ್ಷಗಳಿಂದ ಆ ತುರುಬು ಮಗಳೇ ಕಟ್ಟಬೇಕಿತ್ತು. ಮಗಳು ನೋಡುತ್ತ ನಿಂತಳು, ಸೆರಗಿನ ತುದಿ ಬಾಯಿಗೆ ಹೋಯಿತು.

"ವಯಸ್ಸಾಯ್ತು, ಇನ್ನು ಇದು ಹೀಗೇ ಅಂದ್ಕೊಂಡಿದ್ದೆ ತಾಯಿ" ಎಂದರು ಅತ್ತೆ. "ಹೇಳೋಕೂ ಹೋಗಿರಲಿಲ್ಲ ಯಾರಿಗೂ."

ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬಗ್ಗಿ ಮರಗಟ್ಟಿದ್ದ ದರ್ಜಿಯ ಕುತ್ತಿಗೆಯೂ ಆ ಕಡೆ ಈ ಕಡೆ ಸಲೀಸಾಗಿ ಹೊರಳಿತು. ಎಲ್ಲರೂ ಗುಣವಾಗಿದ್ದರು, ರೋಗಿಯೊಬ್ಬನನ್ನು ಬಿಟ್ಟು. ಕತ್ತರಿಯಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆಯ ತುರುಬು ನೋಡಿ ಕಣ್ಣು ಮಾತ್ರ ತುಂಬಿತು.

"ಅಜ್ಜಿ, ಊಟ ನೀವು ಮಾಡಿದ್ರೆ ಅಳಿಯಂದಿರ ಹೊಟ್ಟೆ ತುಂಬುತ್ತಾ?" ಎಂದು ಡಾಕ್ಟ್ರಮ್ಮ ನಕ್ಕರು. ಕತ್ತರಿಯಣ್ಣನನ್ನು ಮಂಚದ ಮೇಲೆ ಮಲಗಿಸಿ, ಬಿಸಿನೀರಿನ ಚೀಲವಿಟ್ಟು, ಆಮೇಲೆ ಒಂದು ಕೈಯಲ್ಲಿ ಭುಜ, ಇನ್ನೊಂದರಲ್ಲಿ ಮೊಣಕೈ ಹಿಡಿದು ಅವಸರವಿಲ್ಲದೆ ಎತ್ತುತ್ತ ಹೋದರು. ಬಿಗಿಯಾದಲ್ಲಿ ನಿಂತು, ಅವನು ಉಸಿರು ಬಿಟ್ಟಾಗ ಕೂದಲೆಳೆಯಷ್ಟು ಮುಂದೆ ಹೋಗಿ, ಮತ್ತೆ ನಿಂತು. ಕೈ ಕಿವಿಯ ಪಕ್ಕಕ್ಕೆ ಬಂತು. ಅದು ಅಲ್ಲಿಗೆ ಬಂದದ್ದು ಅವನಿಗೆ ಗೊತ್ತಾದದ್ದೂ ಆಮೇಲೆಯೇ.

"ನೋಡಿದ್ರಾ? ದಾರಿ ಇದೆ. ನಿಮ್ಮ ಸ್ವಂತ ಬಲ ಬರೋ ತನಕ ಕೈಗೆ ಸ್ವಲ್ಪ ಆಸರೆ ಬೇಕು." ಮಿಕ್ಕವರ ಕಡೆ ತಿರುಗಿ, "ನಿಮಗೂ ಕೆಲಸ ಇದೆ. ಹಗ್ಗದ ಒಂದು ತುದಿ ನೀವು ಹಿಡೀರಿ. ಇನ್ನೊಂದು ತುದೀಲಿ ಇವರ ಕೈಯೇ ಇರಬೇಕು. ಇವರ ಹುಬ್ಬು ಗಂಟಿಕ್ಕಿತು ಅಂದ್ರೆ ನೋವು ಬಂತು ಅಂತ. ಅಲ್ಲಿಗೆ ಅವತ್ತಿನದು ಮುಗೀತು. ಆಮೇಲೆ ಒಂದು ಸಲವೂ ಬೇಡ" ಎಂದರು. ಕುಂಟುತ್ತ ಬಾಗಿಲು ದಾಟುತ್ತಿದ್ದ ಯಜಮಾನರನ್ನು ನೋಡಿ, "ಮುಂದಿನ ವಾರ ಆ ಮಂಡೀನೂ ಕರ್ಕೊಂಡು ಬನ್ನಿ" ಎಂದು ಸೇರಿಸಿದರು.

ಸಂಜೆ ಬಂಡಿ ಅಂಗಡಿಯ ಮುಂದೆ ನಿಂತಾಗ ಯಜಮಾನರು ಇಳಿಯದೆ ಬಸ್ ಸ್ಟ್ಯಾಂಡಿನ ದಿಕ್ಕು ನೋಡಿದರು.

"ಯಜಮಾನ್ರೇ, ಇಳೀರಿ" ಎಂದರು ಅತ್ತೆ. "ರಾಟೆ ಇದೆ, ಹಗ್ಗ ಇದೆ, ನಾವಿದ್ದೀವಿ. ಅಳಿಯಂದಿರ ಕೈ ನಾವೆತ್ತುತ್ತೀವಿ, ಕತ್ತರಿ ಅವರಾಡಿಸ್ತಾರೆ."

ಕುರ್ಚಿಯನ್ನು ರಾಟೆಯ ಕೆಳಗೆ, ಬಾಗಿಲಿಗೆ ಎಳೆದರು. ಯಜಮಾನರು ಕನ್ನಡಿಗೆ ಬೆನ್ನು ಹಾಕಿ ಬೀದಿಗೆ ಮುಖ ಮಾಡಿ ಕೂತರು. ದರ್ಜಿ ತಾನು ಹೊಲಿದಿದ್ದ ಜೋಳಿಗೆಯನ್ನೇ ಕತ್ತರಿಯಣ್ಣನ ಮೊಣಕೈಗೆ ಪಟ್ಟಿಯಂತೆ ಸುತ್ತಿ ಹಗ್ಗ ಬಿಗಿದ. ಇನ್ನೊಂದು ತುದಿ ಅತ್ತೆಯ ಕೈಯಲ್ಲಿ.

"ಏರಿಸಿ ಅತ್ತೆ... ಸಾಕು... ಇಳಿಸಿ... ಇನ್ನೊಂದು ಚೂರು."

ರಾಟೆ ಕಿರ್ ಎಂದಾಗ ಕೈ ಏರುತ್ತಿತ್ತು, ಕತ್ತರಿ ಚಕಚಕ ಎನ್ನುತ್ತಿತ್ತು. ಬಾವಿಯಿಂದ ನೀರು ಸೇದಿದಂತೆ ಅತ್ತೆ ಅಳಿಯನ ಕೈ ಸೇದಿದರು. ಬೀದಿಯೆಲ್ಲ ಬಂದು ನಿಂತಿತು. ಎಲ್ಲರ ಕಣ್ಣೂ ರಾಟೆಯ ಮೇಲೆ, ಹಗ್ಗದ ಮೇಲೆ, ಏರುತ್ತಿದ್ದ ಕೈಯ ಮೇಲೆ. ಬಲಗಡೆಯ ಕಾಡು ಕಡಿದು ಬಯಲಾಯಿತು. ಕೊನೆಗೆ ನೆತ್ತಿಯ ಅಂಚು ಸವರುವಾಗ ಹೆಂಡತಿ, "ರೀ, ಗೆರೆ ನೋಡಿ" ಎಂದಳು. ಅವನ ಕೈ ಗೋಡೆಯ ಗೆರೆಯ ಮಟ್ಟದಲ್ಲಿತ್ತು, ಹಗ್ಗ ಆಗ ಸಡಿಲವಾಗಿತ್ತು.

"ಬಾಕಿ ತೀರಿತು ಯಜಮಾನ್ರೇ" ಎಂದ ಕತ್ತರಿಯಣ್ಣ. "ಇವರೆಲ್ಲರ ಋಣ ಮಾತ್ರ ಹೇಗೆ ತೀರಿಸ್ತೀನೋ."

ಹೆಂಡತಿ ಕೈಗನ್ನಡಿ ಹಿಡಿದಳು. ಯಜಮಾನರು ಬಲಗಡೆ ನೋಡಿ ಮೆಚ್ಚಿಕೊಂಡರು. ಎಡಕ್ಕೆ ತಿರುಗಿದರು. ಮತ್ತೆ ಬಲಕ್ಕೆ ತಿರುಗಿದರು. ಕೈಯಿಂದ ಎಡಗಡೆ ಮುಟ್ಟಿ ನೋಡಿದರು.

"ಅಲ್ಲ ಕಣಯ್ಯಾ, ಎಡಗಡೆ ನೀನು ತೆಗೆದದ್ದು ಕೊಯ್ಲಿಗೆ ಮುಂಚೆ. ಈಗ ಕೂಳೆ ಚಿಗುರಿ ಮತ್ತೆ ಬೆಳೆ ನಿಂತಿದೆಯಲ್ಲ."

ಮೊದಲು ನಕ್ಕವನು ದರ್ಜಿ, ಅದೂ ಕುತ್ತಿಗೆ ಹಿಂದಕ್ಕೆ ಹಾಕಿ.

"ಅದಕ್ಕೇನು, ಕುರ್ಚಿ ತಿರುಗಿಸಿ. ಅತ್ತೆ, ಏರಿಸಿ" ಎಂದ ಕತ್ತರಿಯಣ್ಣ.

ಅತ್ತೆ ಹಗ್ಗವನ್ನು ಸುತ್ತಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. "ಹುಬ್ಬು ಗಂಟಿಕ್ಕಿತು, ನಾನು ನೋಡಿದೆ. ಇವತ್ತಿಂದು ಮುಗೀತು."

"ನೋವಲ್ಲ ಅತ್ತೆ, ಎಡಗಡೆ ನೋಡಿ ಗಂಟಿಕ್ಕಿದ್ದು."

"ಯಾತಕ್ಕಾದರೂ ಆಗಲಿ. ಒಂದು ಸಲವೂ ಬೇಡ ಅಂದಿದ್ದಾರೆ. ಇಷ್ಟು ದಿನ ನಾವು ಮಾಡಿದ ತಪ್ಪು ಸಾಕು." ದರ್ಜಿ ಆಗಲೇ ಪಟ್ಟಿ ಬಿಚ್ಚಿದ್ದ. ಹೆಂಡತಿ ಕತ್ತರಿ ಎತ್ತಿಟ್ಟಿದ್ದಳು.

ಕತ್ತರಿಯಣ್ಣ ಯಜಮಾನರ ಮುಖ ನೋಡಿದ. ಬಸ್ ಸ್ಟ್ಯಾಂಡಿನ ಅಂಗಡಿಯ ದೀಪ ದೂರದಲ್ಲಿ ಆಗ ತಾನೇ ಹೊತ್ತಿಕೊಂಡಿತು. ಯಜಮಾನರು ಅದನ್ನು ನೋಡಿದರು, ಅತ್ತೆಯ ತುರುಬನ್ನು ನೋಡಿದರು, ತಮ್ಮ ಮಂಡಿಯನ್ನೊಮ್ಮೆ ಸವರಿಕೊಂಡರು.

"ಹೋಗಲಿ ಬಿಡು. ಅರ್ಧ ಉತ್ತ ಹೊಲ ನಿಂದೇ. ಬೀಗರನ್ನ ನಾಳೆ ನನ್ನ ಬಲಗಡೇಲೇ ಕೂರಿಸ್ತೀನಿ."

ಅವರು ಟವೆಲ್ಲು ಸುತ್ತಿಕೊಂಡು ಕುಂಟುತ್ತ ಹೊರಟರು. ಕೊಯ್ಲಿನುದ್ದಕ್ಕೂ ಬಲಕ್ಕೆ ವಾಲುತ್ತಿದ್ದ ಆ ಟವೆಲ್ಲು ಈಗ ಎಡಕ್ಕೆ ವಾಲಿತ್ತು.