ಚೀಟಿ ಹಿಡಿದ ವರ

ಹೆಣ್ಣು ನೋಡಲು ಹೊರಡಬೇಕಾದ ದಿನವೇ ಓಬಳೇಶನಿಗೆ ಬೆಳಗಿನ ಉಪ್ಪಿಟ್ಟಿನ ಜೊತೆ ಬಿಕ್ಕಳಿಕೆ ಹತ್ತಿಕೊಂಡಿತು. ವಯಸ್ಸು ಮೂವತ್ತಮೂರು. ನಾಲ್ಕು ಕಡೆ ಹೆಣ್ಣು ನೋಡಿ, ನಾಲ್ಕೂ ಕಡೆ ಮಂಡಕ್ಕಿ ಮಿರ್ಚಿ ತಿಂದು ಬರಿಗೈಲಿ ಬಂದಿದ್ದ. ಇವತ್ತು ಮಧ್ಯಾಹ್ನ ಹರಪನಹಳ್ಳಿ ಸೀಮೆಯ ಅರಸೀಕೆರೆಯ ದೊಡ್ಡಬೀರಪ್ಪನ ಮಗಳು ಸಂಗೀತಾಳನ್ನು ನೋಡುವುದಿತ್ತು. ಇದೂ ತಪ್ಪಿದರೆ ಇನ್ನು ಹೆಣ್ಣು ಹುಡುಕುವುದು ತನ್ನಿಂದಾಗದು ಎಂದು ಅವನ ಅವ್ವ ತಿಪ್ಪೇರುದ್ರಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಪಕ್ಕದ ಮನೆಯ ಅಂಜಿನಕ್ಕ ಒಂದು ಹಿಡಿ ಸಕ್ಕರೆ ತಿನ್ನಿಸಿದಳು. ಎದುರು ಮನೆಯವರು ಮೂಗು ಹಿಡಿದು ನೀರು ಕುಡಿಸಿದರು. ಯಾರೋ ಹಿಂದಿನಿಂದ ಬಂದು ಬೆನ್ನಿಗೆ ಗುದ್ದಿದರು. ಓಬಳೇಶ ಹೆದರಿದ, ಬಿಕ್ಕಳಿಕೆ ಹೆದರಲಿಲ್ಲ. ಕೊನೆಗೆ ಸೋದರಮಾವ ಪಾಲಣ್ಣ ಅವನನ್ನು ಊರ ಆಸ್ಪತ್ರೆಗೆ ಎಳೆದುಕೊಂಡು ಹೋದ.

ಡಾಕ್ಟರು ನಾಲಿಗೆ ನೋಡಿ, ಮನೆಗೆ ಹೋಗಿ, ತಾನಾಗಿಯೇ ನಿಲ್ಲುತ್ತದೆ ಎಂದರು. ಪಾಲಣ್ಣನಿಗೆ ಇದು ಒಪ್ಪಿಗೆಯಾಗಲಿಲ್ಲ. ಇಂಜೆಕ್ಷನ್ನೂ ಇಲ್ಲದೆ ಗುಳಿಗೆಯೂ ಇಲ್ಲದೆ ಕಳಿಸುವುದೆಂದರೆ ಅವನ ಪ್ರಕಾರ ಡಾಕ್ಟರು ಕೈಚೆಲ್ಲಿದ ಹಾಗೆ.

“ಹಂಗಾರ ಹರಪನಹಳ್ಳಿ ದೊಡ್ಡ ಆಸ್ಪತ್ರಿಗೆ ಬರ್ಕೊಡ್ರಿ ಸಾಹೇಬ್ರ. ಚೀಟಿ ಇಲ್ದ ಹೋದ್ರ ಅಲ್ಲಿ ಯಾರು ಕೇಳ್ತಾರ?” ಎಂದು ಮೇಜಿನ ಮುಂದೆ ಕೂತೇಬಿಟ್ಟ.

ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಪಾಲಣ್ಣನನ್ನು ಸಾಗಹಾಕಲು ಡಾಕ್ಟರು ಎರಡು ಸಾಲು ಗೀಚಿ ಕೊಟ್ಟರು.

ನಮ್ಮ ಕಡೆ ‘ಬರೆದುಕೊಟ್ಟರು’ ಎನ್ನುವುದು ಸಣ್ಣ ಮಾತಲ್ಲ. ಜ್ವರಕ್ಕೆ ಗುಳಿಗೆ ಕೊಡುತ್ತಾರೆ, ಗಾಯಕ್ಕೆ ಪಟ್ಟಿ ಕಟ್ಟುತ್ತಾರೆ; ಬರೆದುಕೊಟ್ಟರೆಂದರೆ ನೆಂಟರಿಗೆ ಸುದ್ದಿ ಮುಟ್ಟಿಸುವ ಹೊತ್ತು ಬಂತೆಂದೇ ಅರ್ಥ. ಮೊಬೈಲು ಇನ್ನೂ ಬಾರದ ಕಾಲ. ಅಂಜಿನಕ್ಕ ಆ ಕೆಲಸ ತಾನೇ ಹೊತ್ತುಕೊಂಡು, ಹುಡುಗನನ್ನು ಹರಪನಹಳ್ಳಿಗೆ ಬರೆದಿದ್ದಾರೆ, ಬರುವುದು ತಡವಾದೀತು ಎಂದು ಅರಸೀಕೆರೆ ಬಸ್ಸಿನ ಕಂಡಕ್ಟರನ ಕೈಲಿ ಹೇಳಿಕಳಿಸಿದಳು. ಬಸ್ಸು ಅರಸೀಕೆರೆ ಮುಟ್ಟುವಷ್ಟರಲ್ಲಿ ಜನರ ಬಾಯಲ್ಲಿ ಹುಡುಗನನ್ನು ದಾವಣಗೆರೆಗೆ ಬರೆದಾಗಿತ್ತು, ಗ್ಲೂಕೋಸ್ ಏರಿಸಿಯೂ ಆಗಿತ್ತು.

ಇತ್ತ ಓಬಳೇಶನ ಬಿಕ್ಕಳಿಕೆ ಹರಪನಹಳ್ಳಿ ದಾರಿಯ ಮೊದಲ ಗುಂಡಿಯಲ್ಲೇ ನಿಂತುಹೋಯಿತು. ಇಳಿದು ವಾಪಸು ಹೋಗೋಣವೆಂದ. ಚೀಟಿ ತೋರಿಸದೆ ಹೋದರೆ ಬರೆದುಕೊಟ್ಟ ಸಾಹೇಬರಿಗೆ ಅವಮಾನ ಎಂದು ಪಾಲಣ್ಣ ಬಿಡಲಿಲ್ಲ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಅರಸೀಕೆರೆಯಿಂದ ಬಂದಿಳಿದ ಪರಿಚಯದವನೊಬ್ಬ ಓಬಳೇಶನನ್ನು ಕಂಡು, ನಡೆದಾಡುತ್ತಿರುವುದು ಇವನೇ ಹೌದೋ ಅಲ್ಲವೋ ಎಂದು ಮುಟ್ಟಿ ನೋಡಿದ. ಅರಸೀಕೆರೆಯ ಸುದ್ದಿಯನ್ನೆಲ್ಲ ಓಬಳೇಶ ಅವನಿಂದಲೇ ಕೇಳಿದ. ನೋಡುವ ಮೊದಲೇ ಐದನೆಯ ಹೆಣ್ಣೂ ಕೈತಪ್ಪುತ್ತಿತ್ತು, ಪಾಪ.

ಪಾಲಣ್ಣನಿಗೆ ಆಗ ಉಪಾಯ ಹೊಳೆಯಿತು. ದೊಡ್ಡ ಆಸ್ಪತ್ರೆಯಿಂದಲೇ ರೋಗವಿಲ್ಲವೆಂದು ಬರೆಸಿಕೊಂಡು ಹೋದರೆ ಯಾರು ಬಾಯಿ ತೆರೆದಾರು? ಎರಡು ತಾಸು ಸರದಿಯಲ್ಲಿ ನಿಂತರು. ಅಲ್ಲಿಯ ಡಾಕ್ಟರು ಹೊಟ್ಟೆ ಒತ್ತಿ, ಎದೆ ಕೇಳಿ, ನಗುತ್ತಲೇ ಬರೆದು ಸಹಿ ಹಾಕಿ, ಮುದ್ರೆಯನ್ನೂ ಒತ್ತಿದರು.

ಅರಸೀಕೆರೆ ಸೇರಿದಾಗ ಐದು ಗಂಟೆ. ದೊಡ್ಡಬೀರಪ್ಪ ಒಳ್ಳೆಯ ಮನುಷ್ಯ; ಕೂರಿಸಿ, ಚಹಾ ಕೊಡಿಸಿ, ಕಾಗದವನ್ನು ಮಗಳ ಕೈಗಿತ್ತ. ಬಿ.ಎ. ಓದುತ್ತಿದ್ದ ಸಂಗೀತಾ ಇಂಗ್ಲಿಷನ್ನು ನಿಧಾನವಾಗಿ ಓದಿ, ಇವರಿಗೆ ಏನೂ ರೋಗವಿಲ್ಲವಂತೆ ಎಂದು ಹೇಳಿ ಸಣ್ಣಗೆ ನಕ್ಕಳು. ಆ ನಗು ನೋಡಿ ಓಬಳೇಶ ಮನಸ್ಸಿನಲ್ಲೇ ಚಪ್ಪರ ಹಾಕಿಸಿಬಿಟ್ಟ.

ದೊಡ್ಡಬೀರಪ್ಪ ಕಾಗದವನ್ನು ವಾಪಸು ಇಸಿದುಕೊಂಡು ಮುದ್ರೆಯ ಮೇಲೆ ಬೆರಳಾಡಿಸಿದ.

“ನೋಡ್ರಿ ಪಾಲಣ್ಣ, ನಮ್ಮೂರಾಗ ಇಷ್ಟು ಮಂದಿ ಅದಾರ. ರೋಗ ಇಲ್ಲ ಅಂತ ಒಬ್ಬನ ಹತ್ರನೂ ಕಾಗದ ಇಲ್ಲ. ನಿಮ್ಮ ಹುಡುಗಗ ಯಾಕ ಬೇಕಾತು?”

ಓಬಳೇಶ ತಲೆ ತಗ್ಗಿಸಿದ; ಅವನ ಕಣ್ಣಲ್ಲಿ ನೀರು ತುಂಬಿತ್ತು.

ಅದನ್ನು ಕಂಡು ದೊಡ್ಡಬೀರಪ್ಪನಿಗೆ ಪಾಪ ಎನಿಸಿತು. ಮಗಳ ನೋಟುಪುಸ್ತಕದಿಂದ ಒಂದು ಹಾಳೆ ಹರಿದು, ಪೆನ್ನು ತರಿಸಿ ಹೇಳಿದ:

“ಇದು ನಮ್ಮ ಕೈಲಿ ಆಗಂಗಿಲ್ಲ ಬಿಡ್ರಿ. ಹೂವಿನ ಹಡಗಲ್ಯಾಗ ನಮ್ಮ ಬೀಗರು ಅದಾರ, ದೊಡ್ಡ ಮಂದಿ, ಅವ್ರ ಮನ್ಯಾಗೊಂದು ಹೆಣ್ಣೈತಿ. ಅಲ್ಲಿಗೆ ಬರ್ಕೊಡ್ತೀನಿ, ಹೋಗಿ ತೋರಿಸ್ಕೊಳ್ರಿ.”