ಅರವತ್ತು ಕಣ್ಣು, ಅರವತ್ತೊಂದು ಕುಲಾವಿ

ಅರವತ್ತನೆಯ ಗೋಳ ಬಾವಿಗಿಳಿದ ಮೇಲೆ ಓರಿನ್ ಚೀಲ ಸುರಿದು ಎಣಿಸಿದ. ಕಪ್ಪು ಕುಲಾವಿಗಳು ಐವತ್ತೊಂಬತ್ತೇ ಇದ್ದವು.

ದಕ್ಷಿಣ ಧ್ರುವದ ಆ ಶಿಬಿರದಲ್ಲಿ ಅವನದು ಒಂದೇ ಕೆಲಸ. ಬಿಸಿನೀರಿನಿಂದ ಕೊರೆದ ಎರಡೂವರೆ ಕಿಲೋಮೀಟರ್ ಆಳದ ಬಾವಿಗೆ ಗಾಜಿನ ಗೋಳಗಳನ್ನು ಕೇಬಲ್ಲಿಗೆ ಕಟ್ಟಿ ಇಳಿಸುವಾಗ, ಬಿಸಿಲು ತಾಗದಂತೆ ತೊಡಿಸಿದ್ದ ಕುಲಾವಿಯನ್ನು ಕೊನೇ ಗಳಿಗೆಯಲ್ಲಿ ಕಿತ್ತು ಚೀಲಕ್ಕೆ ಹಾಕಬೇಕು. ಒಂದೊಂದು ಗೋಳವೂ ಒಂದು ಕಣ್ಣು. ಭೂಮಿಯನ್ನೇ ತೂರಿಕೊಂಡು ಬರುವ ನ್ಯೂಟ್ರಿನೊ ಎಂಬ ಕಣ ಯಾವಾಗಲೋ ಒಮ್ಮೆ ಹಿಮಗಡ್ಡೆಗೆ ಡಿಕ್ಕಿ ಹೊಡೆದಾಗ ಏಳುವ ನೀಲಿ ಬೆಳಕನ್ನು ಅದು ಕಾಣಬೇಕು.

ಓರಿನ್ ಬಾವಿಗೆ ಬಗ್ಗಿದ. ಲೋಕದಲ್ಲಿ ಒಂದು ಊರೂ ಇಲ್ಲದಿದ್ದ ಕಾಲದಲ್ಲಿ ಬಿದ್ದ ಹಿಮ ಅದು. ಎಷ್ಟು ಸಲ ನೋಡಿದರೂ ಅವನ ಮೈ ಜುಮ್ಮೆನ್ನುತ್ತಿತ್ತು. ನಕ್ಷತ್ರಗಳಾಚೆಯಿಂದ ಬರುವ ನೆಂಟನಿಗೆ ಕಾಯಬೇಕಾದ ಕಣ್ಣಿಗೆ ಬಟ್ಟೆ ಕಟ್ಟಿ ಕಳಿಸಿಬಿಟ್ಟೆನೇ ಎಂದುಕೊಂಡು ಚೀಲವನ್ನು ಮತ್ತೊಮ್ಮೆ ಕೊಡವಿದ.

ಬಾಯಿಬಿಟ್ಟರೆ ನಾಳಿನ ವಿಮಾನ ಹತ್ತಿ ವಿಸ್ಕಾನ್ಸಿನ್ನಿನ ಅಣ್ಣನ ಕೊಟ್ಟಿಗೆಯಲ್ಲಿ ಸಗಣಿ ಬಾಚುವುದೇ ಗತಿ. ಓರಿನ್ ಡೇರೆಯ ಹಿಂದೆ ಹೋಗಿ ತನ್ನ ಕಪ್ಪು ಉಣ್ಣೆಯ ಒಳಂಗಿಯ ಬೆನ್ನು ಕತ್ತರಿಸಿ ಅರವತ್ತನೆಯ ಕುಲಾವಿ ಹೊಲಿದ.

ಉಗ್ರಾಣದ ಕ್ಲೈಡ್‌ಗೆ ಊರ ಉಸಾಬರಿಯೆಲ್ಲ ಬೇಕು. "ಯಾಕೋ ಬೆವರ್ತಿದೀಯ? ಮೈನಸ್ ಮೂವತ್ತರಲ್ಲಿ ಬೆವರೋನ್ನ ಇವತ್ತೇ ನೋಡಿದ್ದು" ಎಂದ.

ಮುಖ್ಯಸ್ಥೆ ಸೋಲ್ವೈಗ್ ಎಣಿಸಿದಳು. ಲೆಕ್ಕ ಸರಿಹೋಯಿತು. ಓರಿನ್ ಉಸಿರುಬಿಡುವಷ್ಟರಲ್ಲಿ ಕ್ಲೈಡ್ ಟೀ ಕೆಟಲಿನ ಮೇಲಿಂದ ಇನ್ನೊಂದು ಕುಲಾವಿ ತೆಗೆದುಕೊಟ್ಟ. "ಇದೂ ಒಂದಿದೆ. ಟೀ ಆರದಿರ್ಲಿ ಅಂತ ಎಲ್ಲಿಂದ್ಲೋ ತಗೊಂಡಿದ್ದೆ."

ಸೋಲ್ವೈಗ್‌ಳ ಮುಖ ಬಿಗಿಯಿತು. "ಹಾಗಾದ್ರೆ ಮುಂದಿನ ಬಾವಿಯ ಗೋಳ ಒಂದು ಬೋಳುತಲೇಲಿ ಕೂತಿದೆ. ಪೆಟ್ಟಿಗೆಗಳನ್ನೆಲ್ಲ ಡೇರೆಯೊಳಗೆ ತಂದು ಬಿಚ್ಚಿ. ಸಿಗೋವರೆಗೂ ಯಾರಿಗೂ ಊಟ ಇಲ್ಲ."

ಮೂವತ್ತು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಹಸಿದವರ ಬೈಗುಳ ಕೇಳಲಾರದೆ ಓರಿನ್ ಕೋಟು ಬಿಚ್ಚಿ ಎಲ್ಲರಿಗೂ ಬೆನ್ನು ತೋರಿಸಿದ. ಒಳಂಗಿಯಲ್ಲಿ ದೋಸೆಯಗಲದ ಕಿಂಡಿ. ನಡೆದದ್ದನ್ನೆಲ್ಲ ಒಪ್ಪಿಕೊಂಡ. ಡೇರೆಯೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ಸೋಲ್ವೈಗ್‌ಗೂ ನಗು ತಡೆಯಲಾಗಲಿಲ್ಲ. ಕಳೆದದ್ದು ಕೆಟಲಿನ ಮೇಲೆ ಸಿಕ್ಕಿತಲ್ಲ, ಇನ್ನೇನು, ವಿಮಾನದ ಮಾತು ಬೇಡ ಎಂದಳು. ಕೆಳಗೆ ಅರವತ್ತೂ ಕಣ್ಣು ತೆರೆದಿವೆ ಎಂದು ತಿಳಿದು ಓರಿನ್‌ಗೆ ಅಳುವೇ ಬಂತು.

ಅಷ್ಟರಲ್ಲಿ ಅರ್ಧ ಬಿಚ್ಚಿದ್ದ ಪೆಟ್ಟಿಗೆಯೊಳಗೆ ಕ್ಲೈಡ್ ಇಣುಕಿದ. ಅದರಲ್ಲಿ ಒಂದು ಗೋಳ ಬೋಳಾಗಿತ್ತು.

"ಹೌದಲ್ಲ," ಎಂದು ತಲೆ ಕೆರೆದುಕೊಂಡ, "ಟೀಗೆ ಅಂತ ಇದರದ್ದೇ ಕಿತ್ಕೊಂಡಿದ್ದೆ."

ಎಲ್ಲರೂ ಬಾವಿಯತ್ತ ನೋಡಿದರು. ಕಳೆದ ಕುಲಾವಿಯ ಸಮೇತ ನೀರು ಆಗಲೇ ಹೆಪ್ಪುಗಟ್ಟತೊಡಗಿತ್ತು.

ಸೋಲ್ವೈಗ್ ಒಳಂಗಿಯ ತುಂಡನ್ನು ಓರಿನ್‌ನ ಕೈಗಿತ್ತಳು. "ಈ ಬೋಳು ಗೋಳಕ್ಕೆ ಇದನ್ನ ಹಾಕು. ಆಮೇಲೆ ಹೋಗಿ ಸಾಮಾನು ಕಟ್ಕೊ."